ಆಕಾಶಗಂಗೆಯ ಸರ್ವೆ: ಯಾವ ನಕ್ಷತ್ರ ನೋಡಬೇಕು, ಯಾವುದನ್ನ ಬಿಡಬೇಕು?

ನಮ್ಮ ಆಕಾಶಗಂಗೆಯಲ್ಲಿ ಏನಿಲ್ಲವೆಂದರೂ 10 ಸಾವಿರ ಕೋಟಿ ನಕ್ಷತ್ರಗಳಿವೆ ಎಂಬುದು ಖಗೋಳ ವಿಜ್ಞಾನಿಗಳ ಲೆಕ್ಕ. ಅಮೆರಿಕದ ಸ್ಲೋನ್ ಡಿಜಿಟಲ್ ಸ್ಕೈ ಸರ್ವೆಯ ಭಾಗವಾದ ‘ಅಪೋಜಿ’ ಯೋಜನೆ 2011ರಿಂದ ಸುಮಾರು ಹತ್ತು ವರ್ಷ ನಡೆದು, ಅದರಲ್ಲಿ ನೋಡಿದ್ದು 6.5 ಲಕ್ಷ ನಕ್ಷತ್ರಗಳನ್ನು ಮಾತ್ರ. ಅಂದರೆ ಹೆಚ್ಚುಕಡಿಮೆ ಒಂದೂವರೆ ಲಕ್ಷಕ್ಕೆ ಒಂದು. ಆ ಒಂದನ್ನು ಯಾವ ಲೆಕ್ಕದಲ್ಲಿ ಆರಿಸಿದರು ಅನ್ನೋದರ ಮೇಲೇ ಇಡೀ ಸರ್ವೆಯ ಬೆಲೆ ನಿಂತಿದೆ.

ಮಂಡಿಯಲ್ಲಿ ಚೀಲಕ್ಕೆ ಚುಚ್ಚಿ ಒಂದು ಹಿಡಿ ಕಾಳು ತೆಗೆದು ನೋಡಿ ರೇಟು ಹೇಳೋದು ಎಲ್ಲರಿಗೂ ಗೊತ್ತು. ಮೇಲಿನ ಕಾಳು ಮಾತ್ರ ನೋಡಿದರೆ ಕೆಳಗಿನ ಕಲ್ಲು, ಹೊಟ್ಟು ಕಾಣಲ್ಲ. ಆಕಾಶದಲ್ಲೂ ಹೊಳೆಯೋ ನಕ್ಷತ್ರಗಳನ್ನೇ ಹೆಕ್ಕಿಕೊಂಡರೆ ಬರೀ ಹತ್ತಿರದವು ಮತ್ತು ದೊಡ್ಡವು ಸಿಗುತ್ತವೆ. ಗ್ಯಾಲಕ್ಸಿ ಹೀಗೇ ಇದೆ ಅಂತ ತಪ್ಪು ಲೆಕ್ಕ ಬೀಳುತ್ತೆ.

ನೋಡೋದು ಅಂದ್ರೆ ಏನು?

ಇಲ್ಲಿ ಫೋಟೊ ತೆಗೆಯುವುದಲ್ಲ. ನಕ್ಷತ್ರದ ಬೆಳಕನ್ನು ಕಾಮನಬಿಲ್ಲಿನ ಹಾಗೆ ಬಿಡಿಸಿ, ಅದರಲ್ಲಿರುವ ಕಪ್ಪು ಗೆರೆಗಳಿಂದ ಆ ನಕ್ಷತ್ರದಲ್ಲಿ ಕಬ್ಬಿಣ, ಮೆಗ್ನೀಸಿಯಂ, ಇಂಗಾಲ ಎಷ್ಟಿದೆ, ಅದು ಎಷ್ಟು ವೇಗದಲ್ಲಿ ನಮ್ಮ ಕಡೆಗೆ ಅಥವಾ ಆಚೆಗೆ ಹೋಗುತ್ತಿದೆ ಎಂದು ತಿಳಿಯುವುದು. ಇದಕ್ಕೆ ಸ್ಪೆಕ್ಟ್ರೋಸ್ಕೋಪಿ ಅಂತಾರೆ.

ಅಪೋಜಿ ಶುರುವಾಗಿದ್ದು ನ್ಯೂ ಮೆಕ್ಸಿಕೊ ರಾಜ್ಯದ ಅಪಾಚೆ ಪಾಯಿಂಟ್ ವೀಕ್ಷಣಾಲಯದ 2.5 ಮೀಟರ್ ದೂರದರ್ಶಕದಲ್ಲಿ. ಒಂದು ಅಲ್ಯೂಮಿನಿಯಂ ತಟ್ಟೆ, ಅದರಲ್ಲಿ ಒಂದೊಂದು ನಕ್ಷತ್ರ ಬೀಳುವ ಜಾಗಕ್ಕೆ ಒಂದೊಂದು ತೂತು. ತೂತು ಕೊರೆಯುತ್ತಿದ್ದುದು ದೂರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ. ಹಗಲು ಹೊತ್ತು ಸಿಬ್ಬಂದಿ ಕೂತು ಒಂದೊಂದು ತೂತಿಗೂ ಕೈಯಲ್ಲೇ ಗಾಜಿನ ಫೈಬರ್ ಎಳೆ ಸಿಕ್ಕಿಸುತ್ತಿದ್ದರು. ಇಷ್ಟು ದೊಡ್ಡ ವಿಜ್ಞಾನ ಕೊನೆಗೆ ಕೈಕೆಲಸದ ಮೇಲೇ ನಿಂತಿತ್ತು. ಒಮ್ಮೆ ತೂತು ಕೊರೆದ ಮೇಲೆ ‘ಪಕ್ಕದ ನಕ್ಷತ್ರ ಚೆನ್ನಾಗಿತ್ತು’ ಅಂದರೆ ಆಗಲ್ಲ, ಹೊಸ ತಟ್ಟೆಯೇ ಬೇಕು.

300 ಎಳೆ, ಆದರೆ ಎಲ್ಲವೂ ಕೆಲಸಕ್ಕಿಲ್ಲ

ಒಂದು ತಟ್ಟೆಗೆ 300 ಎಳೆ. ಅದರಲ್ಲಿ ಸುಮಾರು 35 ಎಳೆ ನಕ್ಷತ್ರವೇ ಇಲ್ಲದ ಖಾಲಿ ಆಕಾಶಕ್ಕೆ, ರಾತ್ರಿ ಆಕಾಶದ ಸ್ವಂತ ಹೊಳಪನ್ನು ಅಳೆದು ಕಳೆಯಲು. ಇನ್ನು 35 ಬಿಸಿಯಾದ ನೀಲಿ ನಕ್ಷತ್ರಗಳಿಗೆ. ನಮ್ಮ ಗಾಳಿಯಲ್ಲಿರುವ ನೀರಾವಿ, ಕಾರ್ಬನ್ ಡೈಆಕ್ಸೈಡ್, ಮೀಥೇನ್ ಎಷ್ಟು ಬೆಳಕು ನುಂಗುತ್ತಿವೆ ಎಂದು ಅವುಗಳಿಂದ ಗೊತ್ತಾಗುತ್ತೆ. ತಕ್ಕಡಿಯ ಸೊನ್ನೆ ಸರಿಮಾಡಿಕೊಂಡ ಹಾಗೆ. ಉಳಿಯೋದು 230. ಎರಡು ಎಳೆಗಳ ನಡುವೆ ಆಕಾಶದಲ್ಲಿ ಸುಮಾರು 71 ಆರ್ಕ್‌ಸೆಕೆಂಡ್, ಅಂದರೆ ಹುಣ್ಣಿಮೆ ಚಂದ್ರನ ಅಗಲದ ಇಪ್ಪತ್ತೈದನೇ ಒಂದು ಭಾಗದಷ್ಟು ಅಂತರ ಇರಲೇಬೇಕು. ಅಕ್ಕಪಕ್ಕ ಇರುವ ಎರಡರಲ್ಲಿ ಒಂದನ್ನು ಬಿಡಲೇಬೇಕು.

ಕೆಂಪು ದೈತ್ಯರಿಗೇ ಯಾಕೆ ಮಣೆ?

ಅಪೋಜಿ ಮುಖ್ಯವಾಗಿ ಆರಿಸಿದ್ದು ‘ಕೆಂಪು ದೈತ್ಯ’ ನಕ್ಷತ್ರಗಳನ್ನು. ವಯಸ್ಸಾದ ಮೇಲೆ ಉಬ್ಬಿದ ಇವು ಬಹಳ ಪ್ರಕಾಶಮಾನ, ದೂರದಿಂದಲೂ ಕಾಣುತ್ತವೆ. ಬೇರೆ ಬೇರೆ ಕಾಲದಲ್ಲಿ ಹುಟ್ಟಿದ ನಕ್ಷತ್ರ ಗುಂಪುಗಳಲ್ಲೂ ಸಿಗುತ್ತವೆ. ಗ್ಯಾಲಕ್ಸಿಯ ತಟ್ಟೆಯಲ್ಲಿ ದೂಳು ಜಾಸ್ತಿ. ಕಣ್ಣಿಗೆ ಕಾಣುವ ಬೆಳಕು ಅಲ್ಲಿಂದ ಬರೋದೇ ಕಷ್ಟ. ಅದಕ್ಕೇ ಇನ್‌ಫ್ರಾರೆಡ್ ಬೆಳಕಿನಲ್ಲಿ ನೋಡಿದರು. ಅಪೋಜಿ ಬಳಸುವ ಪಟ್ಟಿಯಲ್ಲಿ ದೂಳಿನ ಕಾಟ ಸುಮಾರು ಆರನೇ ಒಂದು ಭಾಗಕ್ಕೆ ಇಳಿಯುತ್ತೆ.

ಪಟ್ಟಿ ತಯಾರಿಸಲು 1997ರಿಂದ 2001ರವರೆಗೆ ಇಡೀ ಆಕಾಶದ ಚಿತ್ರ ತೆಗೆದ ‘ಟೂಮಾಸ್’ ಸರ್ವೆಯ ಅಳತೆ ಬಳಸಲಾಯಿತು. ಬಣ್ಣ ನೋಡಿ, ಒಂದು ಮಿತಿಗಿಂತ ಕೆಂಪಾಗಿದ್ದರೆ ಪಟ್ಟಿಗೆ. ಆದರೆ ದೂಳು ಕೂಡ ನಕ್ಷತ್ರವನ್ನು ಕೆಂಪಾಗಿ ತೋರಿಸುತ್ತೆ, ಸಂಜೆ ಸೂರ್ಯನ ಹಾಗೆ. ನಿಜವಾದ ಕೆಂಪು ಯಾವುದು, ದೂಳಿನ ಕೆಂಪು ಯಾವುದು? ಇದಕ್ಕೆ ಸ್ಪಿಟ್ಜರ್ ಮತ್ತು ವೈಸ್ ಉಪಗ್ರಹಗಳ ಅಳತೆ ನೆರವಾಯಿತು. ಇನ್‌ಫ್ರಾರೆಡ್‌ನ ಎರಡು ನಿರ್ದಿಷ್ಟ ಪಟ್ಟಿಗಳ ನಡುವಿನ ಬಣ್ಣದ ವ್ಯತ್ಯಾಸ ಬಹುತೇಕ ನಕ್ಷತ್ರಗಳಲ್ಲಿ ಒಂದೇ ಥರ ಇರುತ್ತೆ. ಅದಕ್ಕಿಂತ ಜಾಸ್ತಿ ಕಂಡದ್ದೆಲ್ಲ ದೂಳಿನ ಬಾಬ್ತು, ಅದನ್ನ ಕಳೆದರೆ ಅಸಲಿ ಬಣ್ಣ ಸಿಗುತ್ತೆ.

ಇಲ್ಲೂ ಒಂದು ಎಡವಟ್ಟಿದೆ. ಲೋಹ ಕಡಿಮೆ ಇರುವ ಹಳೇ ದೈತ್ಯರು ಅಷ್ಟು ಕೆಂಪಾಗಿರಲ್ಲ. ಮಿತಿ ಬಿಗಿ ಮಾಡಿದರೆ ಗ್ಯಾಲಕ್ಸಿಯ ಹಿರೀಕರೇ ಪಟ್ಟಿಯಿಂದ ಹೊರಗೆ. ಸಡಿಲ ಮಾಡಿದರೆ ಹತ್ತಿರದ ಕುಬ್ಜ ನಕ್ಷತ್ರಗಳು ನುಗ್ಗುತ್ತವೆ. ಗ್ಯಾಲಕ್ಸಿಯ ಹೊರವಲಯದ ಕಡೆ ದೈತ್ಯರೇ ಕಡಿಮೆ, ಹಾಗಾಗಿ ಅಲ್ಲಿ ಮಿತಿ ಸಡಿಲಿಸಿ, ದೈತ್ಯ-ಕುಬ್ಜ ಬೇರ್ಪಡಿಸುವ ವಿಶೇಷ ಫಿಲ್ಟರ್ ಇಟ್ಟು ಮೊದಲೇ ಚಿತ್ರ ತೆಗೆದು ಆರಿಸಿದರು.

ಮಂಕು ನಕ್ಷತ್ರಕ್ಕೆ ಹೆಚ್ಚು ಹೊತ್ತು ಬೇಕು. ಒಂದು ಭೇಟಿ ಎಂದರೆ ಸುಮಾರು ಒಂದು ಗಂಟೆ. ಪ್ರಕಾಶ ಇದ್ದವಕ್ಕೆ ಮೂರು ಭೇಟಿ, ತೀರಾ ಮಂಕಾದವಕ್ಕೆ 24ರವರೆಗೆ. ಭೇಟಿಗಳನ್ನು ಬೇರೆ ಬೇರೆ ದಿನ ಇಟ್ಟಿದ್ದಕ್ಕೂ ಕಾರಣ ಉಂಟು: ವೇಗ ಬದಲಾದರೆ ಅದು ಜೋಡಿ ನಕ್ಷತ್ರ ಎಂದು ಸಿಕ್ಕಿಬೀಳುತ್ತೆ.

ಲೆಕ್ಕ ಇಡದಿದ್ದರೆ ಎಲ್ಲ ವ್ಯರ್ಥ

ಒಂದು ಜಾಗದಲ್ಲಿ ನಿಯಮಕ್ಕೆ ಒಪ್ಪುವ 1,000 ನಕ್ಷತ್ರ ಇದ್ದು, 230 ನೋಡಿದರು ಅಂತಿಟ್ಟುಕೊಳ್ಳಿ. ನೋಡಿದ ಒಂದೊಂದೂ ನಾಲ್ಕಕ್ಕಿಂತ ಹೆಚ್ಚು ನಕ್ಷತ್ರಗಳ ಪರವಾಗಿ ನಿಲ್ಲುತ್ತೆ. ಇನ್ನೊಂದು ಜಾಗದಲ್ಲಿ 230ಕ್ಕೆ 230 ನೋಡಿದ್ದರೆ ಅಲ್ಲಿ ಒಂದಕ್ಕೆ ಒಂದೇ. ಎರಡನ್ನೂ ಹಾಗೇ ಕೂಡಿಸಿದರೆ ಮೋಸ. ಅದಕ್ಕೇ ನಿಯಮ ಸರಳವಾಗಿರಬೇಕು, ಬರೆದಿಟ್ಟಿರಬೇಕು. ‘ಇದು ಚೆನ್ನಾಗಿ ಕಾಣ್ತಿದೆ’ ಅಂತ ವಿಜ್ಞಾನಿಯೊಬ್ಬರು ಇಷ್ಟಬಂದದ್ದನ್ನ ತುರುಕಿದರೆ ಹಿಂದಕ್ಕೆ ಲೆಕ್ಕ ಹಾಕಲು ಆಗೋದೇ ಇಲ್ಲ.

ಹಾಗಂತ ವಿಶೇಷ ನಕ್ಷತ್ರ ಬೇಡ ಅಂತಲ್ಲ. ಕೆಪ್ಲರ್ ಉಪಗ್ರಹ ಕಂಪನ ಅಳೆದ ದೈತ್ಯರು, ನಕ್ಷತ್ರಗುಚ್ಛಗಳ ಸದಸ್ಯರು ಇವೆಲ್ಲ ಪಟ್ಟಿಯಲ್ಲಿದ್ದವು, ಆದರೆ ಬೇರೆ ಗುರುತಿನೊಂದಿಗೆ.

ಗ್ಯಾಲಕ್ಸಿಯ ಕೇಂದ್ರ ಇರುವುದು ಧನು ರಾಶಿಯ ಕಡೆ. ಕರ್ನಾಟಕದಿಂದ ಅದು ದಕ್ಷಿಣದಲ್ಲಿ ಸಾಕಷ್ಟು ಮೇಲೆ ಕಾಣುತ್ತೆ. ನ್ಯೂ ಮೆಕ್ಸಿಕೊದಿಂದ ದಿಗಂತಕ್ಕೆ ಹತ್ತಿರ. ಒಂದೇ ಕಡೆಯಿಂದ ನೋಡುವುದೂ ಒಂದು ಪಕ್ಷಪಾತವೇ. ಹಾಗಾಗಿ 2017ರಿಂದ ಚಿಲಿ ದೇಶದ ಲಾಸ್ ಕಂಪಾನಾಸ್‌ನಲ್ಲಿರುವ ಡು ಪಾಂಟ್ ದೂರದರ್ಶಕಕ್ಕೂ ಅಂಥದೇ ಯಂತ್ರ ಕೂರಿಸಿದರು.

ಈ ಎಚ್ಚರಿಕೆಗೆ ಫಲ ಸಿಕ್ಕಿದೆ. ಸುಮಾರು 1,000 ಕೋಟಿ ವರ್ಷಗಳ ಹಿಂದೆ ಇನ್ನೊಂದು ಸಣ್ಣ ಗ್ಯಾಲಕ್ಸಿ ನಮ್ಮದರಲ್ಲಿ ಬಂದು ಸೇರಿತ್ತು ಎಂದು 2018ರಲ್ಲಿ ಹೇಳಲು ಗಾಯಾ ಉಪಗ್ರಹದ ಜೊತೆ ಅಪೋಜಿಯ ರಾಸಾಯನಿಕ ಅಳತೆಗಳೇ ಆಧಾರವಾದವು. ಈಗ ತಟ್ಟೆಯ ಕಾಲ ಮುಗಿದಿದೆ, 500 ಪುಟ್ಟ ರೋಬೋಟ್‌ಗಳು ಎಳೆಗಳನ್ನು ಜಾಗಕ್ಕೆ ಒಯ್ಯುತ್ತವೆ. ಅಪೋಜಿಯ ಪೂರ್ತಿ ಮಾಹಿತಿ 2021ರ ಡಿಸೆಂಬರ್‌ನಲ್ಲಿ ಎಲ್ಲರಿಗೂ ಉಚಿತವಾಗಿ ಬಿಡುಗಡೆಯಾಯಿತು. ಅದರಲ್ಲಿ ಪ್ರತಿ ನಕ್ಷತ್ರದ ಸಾಲಿನಲ್ಲೂ, ಅದನ್ನು ಯಾವ ಕಾರಣಕ್ಕೆ ಆರಿಸಲಾಯಿತು ಎಂಬ ಸಂಕೇತ ಇದೆ.