ಶಿಶುವಿನ ಅಳುವೂ ತಾಯಿಯ ಬಿಡುವೂ

ಹುಟ್ಟಿ ಎರಡು ಮೂರು ವಾರಗಳಾದ ಶಿಶುವು, ಹಾಲು ಕುಡಿದು ಮೈತುಂಬಿ ಬೆಳೆಯುತ್ತಿದ್ದರೂ, ಸಂಜೆಯಾಯಿತೆಂದರೆ ಮುಷ್ಟಿ ಬಿಗಿದು, ಕಾಲುಗಳನ್ನು ಹೊಟ್ಟೆಯತ್ತ ಸೆಳೆದುಕೊಂಡು, ಮುಖ ಕೆಂಪೇರುವಂತೆ ಗಂಟೆಗಟ್ಟಲೆ ಅಳುವುದುಂಟು. ಮನೆಯವರಲ್ಲಿ ಒಬ್ಬರು ವಾಯುವೆನ್ನುವರು, ಇನ್ನೊಬ್ಬರು ದೃಷ್ಟಿಯೆನ್ನುವರು, ಮತ್ತೊಬ್ಬರು ಬಾಣಂತಿಯ ಪಥ್ಯ ಕೆಟ್ಟಿತೆನ್ನುವರು. ತಾಯಿಗಾದರೋ ರಾತ್ರಿಯ ನಿದ್ರೆಯೆಂಬುದೇ ಮರೆತುಹೋಗುವುದು. ಈ ಅಳುವನ್ನು ನಿಲ್ಲಿಸಲು ಮನುಷ್ಯರು ಹೂಡಿದ ಉಪಾಯಗಳಿಗೂ ಒಂದು ಚರಿತ್ರೆಯುಂಟು. ಅರಸರ ದಂಡಯಾತ್ರೆಗಳಷ್ಟು ಅದು ಪ್ರಸಿದ್ಧವಲ್ಲ. ಆದರೆ ಅದರಲ್ಲಿಯೂ ಪ್ರಾಣಹಾನಿ ಅಲ್ಪವಾಗಿರಲಿಲ್ಲ.

ಈ ಚಿಂತೆ ಬಹು ಪುರಾತನವಾದುದು. ಕ್ರಿಸ್ತಪೂರ್ವ ಸುಮಾರು 1550ರ ಈಜಿಪ್ಟಿನ ಏಬರ್ಸ್ ಪಪೈರಸ್ಸೆಂಬ ವೈದ್ಯಗ್ರಂಥದಲ್ಲಿ ಅತಿಯಾಗಿ ಅಳುವ ಮಗುವಿಗೆ ಒಂದು ಮದ್ದು ಹೇಳಿದೆ. ಅದರಲ್ಲಿನ ಮುಖ್ಯ ದ್ರವ್ಯವನ್ನು ವಿದ್ವಾಂಸರು ಗಸಗಸೆಯ ಗಿಡವೆಂದು ಓದಿದ್ದಾರೆ. ಅಫೀಮು ಹುಟ್ಟುವುದು ಆ ಗಿಡದ ಕಾಯಿಯಿಂದಲೇ ಅಲ್ಲವೆ? ನಮ್ಮ ದೇಶದ ಕಾಶ್ಯಪಸಂಹಿತೆಯು ಇನ್ನೊಂದು ದಾರಿಯನ್ನು ಹಿಡಿಯಿತು. ಬಹುಕಾಲ ಮರೆಯಾಗಿದ್ದು 1938ರಲ್ಲಿ ಅಚ್ಚಾಗಿ ಹೊರಬಂದ ಈ ಬಾಲವೈದ್ಯ ಗ್ರಂಥದಲ್ಲಿ ವೇದನಾಧ್ಯಾಯವೆಂಬುದೊಂದಿದೆ. ಮಾತು ಬಾರದ ಶಿಶುವಿನ ನೋವು ಯಾವುದೆಂದು ತಿಳಿಯುವ ಬಗೆಯೇ ಅದರ ವಿಷಯ. ಮೊಲೆಯನ್ನು ಒಲ್ಲದೆ ಅಳುವುದು, ಹೊಟ್ಟೆ ಬಿಗಿಯುವುದು, ಮುಖ ಬೆವರುವುದು, ಇವು ಉದರಶೂಲೆಯ ಕುರುಹುಗಳೆಂದು ಅಲ್ಲಿ ಹೇಳಿದೆ. ಮಗುವನ್ನು ಸುಮ್ಮನಾಗಿಸುವುದಕ್ಕೆ ಮುಂಚೆ ಅದರ ಅಳುವನ್ನು ಓದಬೇಕೆಂಬುದೇ ಆ ಗ್ರಂಥಕಾರನ ನಿಲುವು.

ನಮ್ಮ ಮನೆಗಳ ಹಳೆಯ ರೂಢಿ ವಾಚಕರಿಗೆ ತಿಳಿದದ್ದೇ. ವೀಳ್ಯದೆಲೆಗೆ ಹರಳೆಣ್ಣೆ ಸವರಿ, ಬಿಸಿ ತೋರಿಸಿ ಹೊಟ್ಟೆಯ ಮೇಲಿಡುವರು. ಹೊಕ್ಕುಳ ಸುತ್ತ ಇಂಗಿನ ನೀರು ಹಚ್ಚುವರು. ಬಜೆ ಜಾಯಿಕಾಯಿಗಳನ್ನು ಸಾಣೆಕಲ್ಲಿನ ಮೇಲೆ ತೇಯ್ದು ನೆಕ್ಕಿಸುವರು. ಇದಾವುದೂ ಫಲಿಸದಿದ್ದರೆ ದೃಷ್ಟಿ ನಿವಾಳಿಸುವರು. ಇವುಗಳಲ್ಲಿ ಮದ್ದಿನ ಗುಣವೆಷ್ಟೆಂಬುದು ಚರ್ಚಾಸ್ಪದ. ಆದರೆ ಇವಿಷ್ಟನ್ನೂ ಮಾಡಲು ಅಜ್ಜಿಯೋ ಅತ್ತೆಯೋ ಅತ್ತಿಗೆಯೋ ಒಬ್ಬರಿರಬೇಕಾಗಿತ್ತು. ಮಗು ಅಷ್ಟು ಹೊತ್ತು ಒಂದು ಮಡಿಲಿನಲ್ಲಿರುತ್ತಿತ್ತು. ಬಾಣಂತಿ ಅಷ್ಟು ಹೊತ್ತು ಕಣ್ಣು ಮುಚ್ಚುತ್ತಿದ್ದಳು. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ಇಂಗ್ಲೆಂಡಿನ ಕಡೆಗೆ ನೋಡೋಣ. ಏಕೆಂದರೆ ಇಂಥ ಮಡಿಲು ಇಲ್ಲವಾದಾಗ ಏನಾಗುವುದೆಂಬುದು ಅಲ್ಲಿಯ ದಾಖಲೆಗಳಲ್ಲಿ ವಿಶದವಾಗಿದೆ.

ಹದಿನೆಂಟನೆಯ ಶತಮಾನದಿಂದ ಅಲ್ಲಿ ಗಾಡ್‌ಫ್ರೀಯ ಕಾರ್ಡಿಯಲ್ ಎಂಬ ಔಷಧವು ಮಾರಾಟದಲ್ಲಿತ್ತು. ಕಾಕಂಬಿ, ನೀರು, ಕೆಲವು ಸಂಬಾರ ವಸ್ತುಗಳು, ಜತೆಗೆ ಅಫೀಮು: ಇದೇ ಅದರ ಪಾಕ. ಯಂತ್ರೋದ್ಯಮ ಬೆಳೆದು, ಹೆಂಗಸರು ಹೊಟ್ಟೆಪಾಡಿಗಾಗಿ ಹಗಲಿರುಳು ದುಡಿಯಬೇಕಾದಾಗ ಇದರ ಬಳಕೆ ಹಬ್ಬಿತು. ಲೇಸು ನೇಯ್ಗೆಗೆ ಹೆಸರಾದ ನಾಟಿಂಗ್‌ಹ್ಯಾಮ್ ನಗರದಲ್ಲಿ ಯಂತ್ರದಿಂದ ಬಂದ ಲೇಸಿನ ಮೇಲೆ ಸೂಜಿಯಿಂದ ಚಿತ್ತಾರ ತುಂಬುವ ಕೆಲಸವನ್ನು ಬಡ ಹೆಂಗಸರು ಮನೆಯಲ್ಲಿ ಕುಳಿತು ಮಾಡುತ್ತಿದ್ದರು. ಬಾಲಕರ ದುಡಿಮೆಯನ್ನು ವಿಚಾರಿಸಲು ನೇಮಕವಾದ ಸರಕಾರಿ ಆಯೋಗವು 1843ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಂಥ ಇಪ್ಪತ್ತು ವರ್ಷದ ತಾಯಿಯೊಬ್ಬಳ ಹೇಳಿಕೆಯಿದೆ.

ಆಕೆಯ ಮಗು ಹುಟ್ಟಿದ್ದು 1839ರ ನವೆಂಬರಿನಲ್ಲಿ. ಒಂದು ವಾರದ ಕೂಸಿಗೆ ಆಕೆ ದಿನಕ್ಕೆರಡು ಸಲ ಅರ್ಧ ಚಮಚೆಯಂತೆ ಕಾರ್ಡಿಯಲ್ ಕುಡಿಸತೊಡಗಿದಳು. ಮಗುವನ್ನು ನೋಡಿಕೊಳ್ಳುವವರಿಗೆ ಕೊಡಲು ಹಣವಿಲ್ಲ. ಕೈಯಲ್ಲಿನ ಲೇಸಿನ ತುಂಡು ಮುಗಿಯದೆ ಕೂಲಿಯಿಲ್ಲ. ಹನಿ ಹನಿಯಾಗಿ ಪ್ರಮಾಣವೇರಿ ಒಂದು ಚಮಚೆಯಾಯಿತು. ನಾಲ್ಕು ತಿಂಗಳಿಗೆ ಮಗು ಬಡಕಲಾಗಿ ನಿಶ್ಶಕ್ತವಾಗಲು, ನೆರೆಹೊರೆಯವರ ಮಾತು ಕೇಳಿ ಅದಕ್ಕಿಂತ ಉಗ್ರವಾದ ಲಾಡನಮ್ ಎಂಬ ಅಫೀಮಿನ ದ್ರಾವಣವನ್ನು ಕೊಡಲಾರಂಭಿಸಿದಳು. ಬಿಡಬೇಕೆಂದು ಹಲವು ಸಲ ಯತ್ನಿಸಿದರೂ ಆಕೆಗೆ ಸಾಧ್ಯವಾಗಲಿಲ್ಲ; ಬಿಟ್ಟರೆ ತನಗೆ ಊಟವಿಲ್ಲವೆಂದು ಆಕೆ ಅಧಿಕಾರಿಗಳಿಗೆ ತಿಳಿಸಿದಳು. ಈಕೆಯನ್ನು ಕ್ರೂರಿಯೆನ್ನಬಹುದೆ? ಕೂಸು ಅಳುವ ಹೊತ್ತಿಗೆ ಅದನ್ನೆತ್ತಿಕೊಳ್ಳುವ ಬಿಡುವನ್ನು ಆಕೆಯ ಬದುಕು ಆಕೆಗೆ ಕೊಡಲಿಲ್ಲವೆಂಬುದೇ ನಿಜವಾದ ಸಂಗತಿ.

ಅಫೀಮು ಸೇವಿಸಿದ ಕೂಸು ಅಳದು. ಆದರೆ ಹಸಿವೆಯಾದರೂ ಅಳದು. ಹೀಗೆ ಮದ್ದಿನ ಪ್ರಮಾಣ ಮೀರಿ ಸತ್ತ ಶಿಶುಗಳಲ್ಲದೆ, ಹಾಲು ಕೇಳದೆ ಸೊರಗಿ ಸತ್ತವುಗಳೂ ಉಂಟು. 1868ರ ಕಾನೂನು ಅಫೀಮನ್ನು ವಿಷಗಳ ಪಟ್ಟಿಗೆ ಸೇರಿಸಿದರೂ ಪೇಟೆಂಟ್ ಔಷಧಗಳಿಗೆ ವಿನಾಯಿತಿಯನ್ನಿತ್ತಿತು. ಅಮೆರಿಕದಲ್ಲಿ 1849ರಿಂದ ಮಾರಾಟವಾದ ಮಿಸೆಸ್ ವಿನ್ಸ್‌ಲೋ ಅವರ ಸಿರಪ್ಪಿನಲ್ಲಿ ಮಾರ್ಫೀನೂ ಮದ್ಯಸಾರವೂ ಇದ್ದವು. ಅಂಥ ದ್ರವ್ಯಗಳ ಹೆಸರನ್ನು ಸೀಸೆಯ ಮೇಲೆ ನಮೂದಿಸಬೇಕೆಂಬ ಕಾನೂನು ಅಲ್ಲಿ ಬಂದುದು 1906ರಲ್ಲಿ.

ವಿಚಿತ್ರವೆಂದರೆ, ಅಫೀಮಿಲ್ಲದ ಬದಲಿ ಮದ್ದೊಂದು ಅದೇ ನಾಟಿಂಗ್‌ಹ್ಯಾಮಿನಲ್ಲಿಯೇ ಹುಟ್ಟಿತು. ವಿಲಿಯಂ ವುಡ್‌ವರ್ಡ್ ಎಂಬ ಔಷಧ ವ್ಯಾಪಾರಿಯು 1851ರಲ್ಲಿ ಸಬ್ಬಸಿಗೆಯ ಎಣ್ಣೆ, ಅಡಿಗೆ ಸೋಡಾ, ಸಕ್ಕರೆ, ನೀರು ಮತ್ತು ಮದ್ಯಸಾರಗಳನ್ನು ಕೂಡಿಸಿ ಗ್ರೈಪ್ ವಾಟರನ್ನು ಮಾಡಿದನು. ಸರ್ಪಗಳನ್ನು ಹಿಡಿದ ಶಿಶು ಹರ್ಕ್ಯುಲೀಸನ ಚಿತ್ರವನ್ನು ಹೊತ್ತ ಆ ಸೀಸೆಯು ನಮ್ಮ ಮನೆಗಳಿಗೂ ಬಂದಿತು. ಅಫೀಮಿಗೆ ಹೋಲಿಸಿದರೆ ಇದು ಸಾಧುವಾದ ಮದ್ದೇ ಸರಿ. ಆದರೆ ನೂರಕ್ಕೆ 3.6ರಷ್ಟು ಮದ್ಯಸಾರವು ಅದರಲ್ಲಿ ಬಹುಕಾಲವಿದ್ದು, ಇಂಗ್ಲೆಂಡಿನಲ್ಲಿ ಅದನ್ನು ತೆಗೆದುಹಾಕಿದ್ದು 1990ರ ದಶಕದಲ್ಲಿ.

ಇದೆಲ್ಲ ಪರದೇಶದ ಮಾತೆಂದು ನಾವು ನಿಶ್ಚಿಂತರಾಗಿರುವಂತಿಲ್ಲ. ಪಶ್ಚಿಮ ಭಾರತದಲ್ಲಿ ಕೂಸುಗಳಿಗೆ ಅಫೀಮು ಕೊಡುವ ರೂಢಿಯಿದ್ದುದು 1893ರಿಂದ 1895ರವರೆಗೆ ನಡೆದ ಅಫೀಮು ಆಯೋಗದ ವಿಚಾರಣೆಯಲ್ಲಿ ದಾಖಲಾಯಿತು. ಮುಂಬಯಿಯ ಬಟ್ಟೆಯ ಗಿರಣಿಗಳು ಬೆಳೆದಂತೆ, ಕೆಲಸಕ್ಕೆ ಹೋಗುವ ತಾಯಂದಿರು ಅಫೀಮು ಬೆರೆತ ಬಾಲಗೋಲಿಯೆಂಬ ಗುಳಿಗೆಯನ್ನು ಮಕ್ಕಳಿಗೆ ನುಂಗಿಸಿ ಮಲಗಿಸುತ್ತಿದ್ದರು. ನಾಟಿಂಗ್‌ಹ್ಯಾಮಿನ ಕತೆಯೇ ಇಲ್ಲಿ ಮರುಹುಟ್ಟು ಪಡೆಯಿತು. ಇದಕ್ಕೆ ಪರಿಹಾರವು ಬರಿಯ ನಿಷೇಧದಿಂದ ಆಗುವಂತಿರಲಿಲ್ಲ. ಹೆರಿಗೆಯ ಕಾಲದ ಭತ್ಯೆಗಾಗಿ 1929ರಲ್ಲಿ ಮುಂಬಯಿ ಪ್ರಾಂತದಲ್ಲಿ ಕಾನೂನಾಯಿತು. ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಾರಖಾನೆಯಲ್ಲಿ ಶಿಶುಗಳಿಗಾಗಿ ಪ್ರತ್ಯೇಕ ಕೋಣೆಯಿರಬೇಕೆಂದು 1948ರ ಕಾರಖಾನೆ ಕಾನೂನು ವಿಧಿಸಿತು. ತಾಯಿಗೆ ಬಿಡುವು, ಮಗುವಿಗೆ ಒಂದು ಮಡಿಲು: ಗುಳಿಗೆಗೆ ಎದುರಾಗಿ ನಿಂತದ್ದು ಇವೆರಡೇ.

ವೈದ್ಯಶಾಸ್ತ್ರವು ಆಮೇಲೆ ಕಂಡುಕೊಂಡದ್ದೂ ಇದಕ್ಕೆ ಹೊಂದುತ್ತದೆ. ದಿನಕ್ಕೆ ಮೂರು ಗಂಟೆಗಿಂತ ಹೆಚ್ಚಾಗಿ, ವಾರದಲ್ಲಿ ಮೂರು ದಿನಗಳಿಗಿಂತ ಹೆಚ್ಚಾಗಿ, ಮೂರು ವಾರಗಳಿಗಿಂತ ಹೆಚ್ಚುಕಾಲ ಅಳುವ ಆರೋಗ್ಯವಂತ ಶಿಶುವಿಗೆ ಈ ಶೂಲೆಯಿದೆಯೆಂಬ ಲಕ್ಷಣವನ್ನು ಅಮೆರಿಕದ ವೆಸೆಲ್ ಮುಂತಾದ ವೈದ್ಯರು 1954ರಲ್ಲಿ ನಿರೂಪಿಸಿದರು. ಬ್ರೇಜಲ್‌ಟನ್ನರು 1962ರಲ್ಲಿ 80 ಶಿಶುಗಳ ಅಳುವನ್ನು ಲೆಕ್ಕವಿಟ್ಟು, ಸಾಮಾನ್ಯ ಶಿಶುವಿನ ಅಳುವೂ ಆರನೆಯ ವಾರದಲ್ಲಿ ದಿನಕ್ಕೆ ಸುಮಾರು ಎರಡೂಮುಕ್ಕಾಲು ಗಂಟೆಗೇರಿ, ಅನಂತರ ಇಳಿಯುವುದೆಂದು ತೋರಿಸಿದರು. ಹೊಟ್ಟೆಯುಬ್ಬರವು ಎಷ್ಟೋ ವೇಳೆ ಅಳುವಿನ ಕಾರಣವಲ್ಲ, ಅಳುವಾಗ ನುಂಗಿದ ಗಾಳಿಯ ಫಲ. ಮೂರು ನಾಲ್ಕು ತಿಂಗಳಲ್ಲಿ ಅಳು ತಾನಾಗಿಯೇ ತಗ್ಗುವುದರಿಂದ, ಆ ಹೊತ್ತಿಗೆ ಯಾವ ಮದ್ದು ಕೈಯಲ್ಲಿತ್ತೋ ಅದಕ್ಕೆ ಕೀರ್ತಿ ಬಂದಿತು. ಕೆನಡಾದ ಮಾಂಟ್ರಿಯಲ್‌ನಲ್ಲಿ ಹುನ್‌ಝಿಕರ್ ಮತ್ತು ಬಾರ್ ಎಂಬವರು 99 ತಾಯಿ-ಮಕ್ಕಳನ್ನು ಪರೀಕ್ಷಿಸಿ, ಕೂಸನ್ನು ಹೆಚ್ಚು ಹೊತ್ತು ಎತ್ತಿಕೊಂಡಿದ್ದರೆ ಆರನೆಯ ವಾರದ ಅಳು ನೂರಕ್ಕೆ 43ರಷ್ಟು ಕಡಮೆಯಾಗುವುದೆಂದು 1986ರಲ್ಲಿ ಪ್ರಕಟಿಸಿದರು. ಆದರೆ ಶೂಲೆ ಆಗಲೇ ತೊಡಗಿದ ಶಿಶುಗಳಿಗೆ ಅದರಿಂದ ವಿಶೇಷ ಗುಣ ಕಾಣಲಿಲ್ಲವೆಂದು 1991ರ ಪರೀಕ್ಷೆಯು ತಿಳಿಸಿತು. ಎಂದಮೇಲೆ ಅಳು ನಿಲ್ಲದಿದ್ದರೆ ಅದು ತಾಯಿಯ ಕುಂದಲ್ಲ.

ಈ ಚರಿತ್ರೆಯಿಂದ ಗೃಹಸ್ಥರು ಕಲಿಯತಕ್ಕದ್ದು ಅಲ್ಪವಲ್ಲ. ಹಾಲೂಡಿದ ಮೇಲೆ ಮಗುವನ್ನು ಹೆಗಲಿಗೆ ನೆಟ್ಟಗೆ ಒರಗಿಸಿಕೊಂಡು ತೇಗು ಬರಿಸಬೇಕು. ಎತ್ತಿಕೊಂಡು ನಿಧಾನವಾಗಿ ಅಡ್ಡಾಡಬೇಕು. ಇರುಳಿನಲ್ಲಿ ದೀಪವನ್ನೂ ಮಾತನ್ನೂ ತಗ್ಗಿಸಬೇಕು. ಮೆತ್ತಗಲ್ಲದ ಹಾಸಿನ ಮೇಲೆ ಅಂಗಾತ ಮಲಗಿಸಬೇಕು. ವೈದ್ಯರು ಹೇಳದ ಮದ್ದನ್ನು ನೆಕ್ಕಿಸಲಾಗದು. ಜ್ವರ, ಹಸುರು ವಾಂತಿ, ಮಲದಲ್ಲಿ ರಕ್ತ, ಹಾಲನ್ನೊಲ್ಲದಿರುವುದು ಇವು ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಸಹನೆ ಮೀರಿದರೆ ಕೂಸನ್ನು ಎಂದಿಗೂ ಕುಲುಕಬಾರದು. ಅಂಗಾತ ಮಲಗಿಸಿ, ಇನ್ನೊಬ್ಬರನ್ನು ಕರೆಯಬೇಕು.

ಆ ಇನ್ನೊಬ್ಬರು ಯಾರು? ಹಳೆಯ ಕಾಲದ ತುಂಬಿದ ಮನೆಗಳು ವಿರಳವಾಗುತ್ತಿವೆ. ಅಜ್ಜಿ ಒಂದೂರಿನಲ್ಲಿ, ಮೊಮ್ಮಗು ಒಂದೂರಿನಲ್ಲಿ. ತಂದೆಯಾದವನು ರಾತ್ರಿಯ ಎರಡು ತಾಸು ಕೂಸನ್ನು ಹೆಗಲ ಮೇಲೆ ಹೊತ್ತು ಪಡಸಾಲೆಯಲ್ಲಿ ಅಡ್ಡಾಡಿದರೆ ಅವನ ಘನತೆಗೇನೂ ಕುಂದಿಲ್ಲ. ನಾಟಿಂಗ್‌ಹ್ಯಾಮಿನ ಆ ಬಡ ತಾಯಿಗೆ ದೊರೆಯದೆ ಹೋದದ್ದು ಅಷ್ಟೇ.