ಖಬರು: ಮಲಪ್ರಭೆಯ ಸೀಮೆಯ ಆಡುನುಡಿಯಲ್ಲಿ ಅರಿವು ಮತ್ತು ಹೊಣೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗದ ಆಡುಗನ್ನಡದಲ್ಲಿ ‘ಖಬರು’ ದಿನಬಳಕೆಯ ಮಾತು. ಅರಬ್ಬಿ ಮೂಲದಲ್ಲಿ ಇದರ ಅರ್ಥ ವಾರ್ತೆ. ಉರ್ದು, ಮರಾಠಿಗಳಲ್ಲೂ ಮುಖ್ಯಾರ್ಥ ಅದೇ. ಇಲ್ಲಿಯ ಕನ್ನಡದಲ್ಲಾದರೋ ವಾರ್ತೆಗೆ ‘ಸುದ್ದಿ’ ಇದ್ದೇ ಇತ್ತು; ‘ಖಬರು’ ಮನೋವ್ಯಾಪಾರದ ಕಡೆಗೆ ಸರಿಯಿತು. ಇದನ್ನು ‘ಪ್ರಜ್ಞೆ’ ಎಂದಷ್ಟೇ ಅರ್ಥೈಸಿದರೆ ಸಾಲದು. ಇರಬೇಕಾದ ಅರಿವು ಇಲ್ಲವಾದುದನ್ನು ಗುರುತಿಸುವುದೇ ಈ ಪದದ ಮುಖ್ಯ ಕೆಲಸ ಎಂಬುದು ಪ್ರಸ್ತುತ ವಾದ.

ಬಳಕೆಯಲ್ಲಿ ಮೂರು ಪದರಗಳಿವೆ. ‘ಜ್ವರದಾಗ ಅವಗ ಮೈಮ್ಯಾಲ ಖಬರಿಲ್ಲ’ ಎಂಬಲ್ಲಿ ದೇಹದ ಎಚ್ಚರ; ‘ಹಾಲ ಉಕ್ಕಿದ್ರೂ ಖಬರಿಲ್ಲ’ ಎಂಬಲ್ಲಿ ಗಮನ; ‘ಮನೀ ಖಬರಿಲ್ಲದ ಮನಷ್ಯಾ’ ಎಂಬಲ್ಲಿ ಹೊಣೆ. ಮೂರೂ ನಿಷೇಧರೂಪಗಳು. ‘ಖಬರ ಬಂತು’, ‘ಖಬರ ಇರ್ಲಿ’ ಎಂಬ ವಿಧಿರೂಪಗಳೂ ಅರಿವು ತಪ್ಪಿದ್ದನ್ನೋ ತಪ್ಪಬಹುದೆಂಬುದನ್ನೋ ಊಹಿಸಿಕೊಂಡೇ ಹುಟ್ಟುತ್ತವೆ.

‘ಗೊತ್ತಿಲ್ಲ’ದೊಡನೆ ಹೋಲಿಸಿದರೆ ಭೇದ ಸ್ಪಷ್ಟವಾಗುತ್ತದೆ. ‘ನಿನಗ ಗೊತ್ತಿಲ್ಲೇನು?’ ಎಂಬುದು ಬರಿಯ ಪ್ರಶ್ನೆಯಾಗಿರಬಹುದು; ‘ನಿನಗ ಖಬರಿಲ್ಲೇನು?’ ಎಂಬುದರಲ್ಲಿ ಆಕ್ಷೇಪವಿದೆ. ಅದೇ ಮಾತು ಉತ್ತಮ ಪುರುಷಕ್ಕೆ ಬಂದಾಗ, ‘ನನಗ ಖಬರ ಇರಲಿಲ್ರೀ’ ಎಂದರೆ, ಕ್ಷಮಾಪಣೆಯಾಗುತ್ತದೆ. ‘ಖಬರಗೇಡಿ’ ಈ ನೈತಿಕ ಭಾರವನ್ನು ಗಟ್ಟಿಗೊಳಿಸಿದೆ: ಮಾನಗೇಡಿ, ನಾಚಿಕೆಗೇಡಿಗಳ ಸಾಲಿಗೆ ಸೇರಿದ ಈ ಸಮಾಸದಲ್ಲಿ ‘ಕೆಡು’ ಧಾತುವೇ ಕಳೆದುಕೊಂಡವನನ್ನು ದೂಷಿಸುತ್ತದೆ.

ಅರ್ಥಪಲ್ಲಟಕ್ಕೆ ದಾರಿ ಮೊದಲೇ ಇತ್ತು. ಪಾರಸಿಯ ‘ಬೇಖಬರ್’ ಎಂದರೆ ಅರಿವಿಲ್ಲದವನು. ಇಂಥ ಪದಗಳು ಈ ಸೀಮೆಗೆ ಬಂದದ್ದು ಆಡಳಿತದ ಜೊತೆಗೆ. ಇಲ್ಲಿ ಆಳಿದ ಬಿಜಾಪುರದ ಆದಿಲಶಾಹಿ 1686ರಲ್ಲಿ ಕೊನೆಗೊಂಡಿತು. ಬಳಿಕ ಸವಣೂರು ನವಾಬರ, ಮರಾಠರ ಅಧಿಕಾರ ಈ ಸೀಮೆಯಲ್ಲಿ ನಡೆಯಿತು. ರಾಮದುರ್ಗ 1948ರವರೆಗೂ ಭಾವೆ ಮನೆತನದ ಸಂಸ್ಥಾನವಾಗಿತ್ತು. ಆಡಳಿತದ ಮೂಲಕ ಬಂದ ಅರ್ಜಿ, ದಫ್ತರಗಳು ಕಚೇರಿಯ ವಸ್ತುಗಳ ಹೆಸರಾಗಿಯೇ ಉಳಿದವು. ಆದರೆ ‘ಖಬರು’ ಮನಸ್ಸಿನ ಒಳಮನೆಗೆ ಬಂದದ್ದಕ್ಕೆ ಕನ್ನಡದ ವಾಕ್ಯರಚನೆಯೂ ಕಾರಣವೆನ್ನಬಹುದು. ‘ನನಗ ನೆಪ್ಪಿಲ್ಲ’, ‘ನನಗ ಗೊತ್ತಿಲ್ಲ’ ಎಂಬ ಚತುರ್ಥಿ ವಿಭಕ್ತಿಯ ಅಚ್ಚಿನಲ್ಲಿ ಕೂತೊಡನೆ ‘ವಾರ್ತೆ ಇಲ್ಲ’ ಎಂಬುದು ‘ಅರಿವಿಲ್ಲ’ವಾಯಿತು. ‘ಮೈಮರೆ’ ಎಂಬ ಹಳೆಯ ಕಲ್ಪನೆ ಅದಕ್ಕೆ ‘ಮೈಮ್ಯಾಲ’ ನೆಲೆಯನ್ನೂ ಕೊಟ್ಟಿತು.

ಆದ್ದರಿಂದ ಪ್ರಾದೇಶಿಕ ನಿಘಂಟುಗಳು ಈ ಪದಕ್ಕೆ ಸಮಾನಾರ್ಥಕಗಳನ್ನು ಕೊಡುವುದರ ಜೊತೆಗೆ ನಿಷೇಧದ ಬಳಕೆಯನ್ನೂ ಪುರುಷಭೇದದಿಂದಾಗುವ ಅರ್ಥವ್ಯತ್ಯಾಸವನ್ನೂ ದಾಖಲಿಸಬೇಕು.