ಚೀನೀ ವರ್ಷಚಕ್ರದ ಅಂಚೆಚೀಟಿ: ಎಂಟು ಫೆನ್‌ನ ಕೋತಿಯಿಂದ ಹರಾಜುಕಟ್ಟೆಯವರೆಗೆ

ಕೆಂಪು ಹಿನ್ನೆಲೆಯಲ್ಲಿ ಕುಳಿತ ಒಂದು ಕಪ್ಪು ಕೋತಿ. ಮುಖಬೆಲೆ ಕೇವಲ 8 ಫೆನ್. 1980ರ ಫೆಬ್ರುವರಿ 15ರಂದು, ಚಾಂದ್ರಮಾನ ಹೊಸ ವರ್ಷದ ಮುನ್ನಾದಿನ, ಚೀನಾದ ಅಂಚೆ ಇಲಾಖೆ ಇದನ್ನು ಬಿಡುಗಡೆ ಮಾಡಿತು. 80 ಚೀಟಿಗಳ ಪೂರ್ಣ ಹಾಳೆಯನ್ನು ಅಂದು 6 ಯುವಾನ್ 40 ಫೆನ್‌ಗೆ ಕೊಳ್ಳಬಹುದಾಗಿತ್ತು. ಅಂತಹುದೇ ಹಾಳೆ 2011ರ ಹರಾಜಿನಲ್ಲಿ 10 ಲಕ್ಷ ಯುವಾನ್‌ಗೂ ಅಧಿಕ ಬೆಲೆಗೆ ಮಾರಾಟವಾಯಿತು. ಜಗತ್ತಿನ ಸಂಗ್ರಾಹಕರನ್ನು ಚೀನೀ ವರ್ಷಚಕ್ರದ ಅಂಚೆಚೀಟಿಗಳತ್ತ ಸೆಳೆದದ್ದು ಬಹುಮಟ್ಟಿಗೆ ಈ ‘ಚಿನ್ನದ ಕೋತಿ’ಯ ಕಥೆಯೇ.

ಹನ್ನೆರಡು ಪ್ರಾಣಿಗಳು

ಇಲಿ, ಎತ್ತು, ಹುಲಿ, ಮೊಲ, ಡ್ರ್ಯಾಗನ್, ಹಾವು, ಕುದುರೆ, ಕುರಿ, ಕೋತಿ, ಹುಂಜ, ನಾಯಿ ಮತ್ತು ಹಂದಿ - ಇದು ಚಕ್ರದ ಕ್ರಮ. ಭಾರತೀಯ ರಾಶಿಗಳಂತೆ ಇವು ತಿಂಗಳಿಗೊಮ್ಮೆ ಬದಲಾಗುವುದಿಲ್ಲ. ಒಂದೊಂದು ಪ್ರಾಣಿಗೆ ಒಂದೊಂದು ಪೂರ್ಣ ವರ್ಷ ಮೀಸಲು. ಹನ್ನೆರಡು ಪ್ರಾಣಿಗಳನ್ನು ಹತ್ತು ‘ಕಾಂಡ’ಗಳೊಡನೆ ಜೋಡಿಸಿದಾಗ 60 ವರ್ಷಗಳ ದೊಡ್ಡ ಆವರ್ತ ಪೂರ್ಣಗೊಳ್ಳುತ್ತದೆ. ಪ್ರಭವದಿಂದ ಅಕ್ಷಯದವರೆಗೆ 60 ಸಂವತ್ಸರಗಳನ್ನು ಎಣಿಸುವ ಕನ್ನಡಿಗರಿಗೆ ಈ ಲೆಕ್ಕ ಅಪರಿಚಿತವೆನಿಸದು.

ದೇಶದಿಂದ ದೇಶಕ್ಕೆ ಸಣ್ಣ ವ್ಯತ್ಯಾಸಗಳೂ ಉಂಟು. ವಿಯೆಟ್ನಾಮಿನಲ್ಲಿ ಮೊಲದ ಸ್ಥಾನದಲ್ಲಿ ಬೆಕ್ಕು, ಎತ್ತಿನ ಸ್ಥಾನದಲ್ಲಿ ಎಮ್ಮೆ ಇದೆ. ಜಪಾನಿನಲ್ಲಿ ಸಾಕುಹಂದಿಯ ಬದಲು ಕಾಡುಹಂದಿ. ಚೀನೀ ಭಾಷೆಯಲ್ಲಿ ಕುರಿ, ಮೇಕೆ, ಟಗರು ಮೂರಕ್ಕೂ ಒಂದೇ ಪದ ಸಲ್ಲುವುದರಿಂದ, ಒಂದೇ ವರ್ಷದ ಚೀಟಿಗಳಲ್ಲಿ ಒಂದು ದೇಶ ಕುರಿಯನ್ನೂ ಮತ್ತೊಂದು ಮೇಕೆಯನ್ನೂ ಚಿತ್ರಿಸಿರುವುದುಂಟು. ಈ ಭೇದಗಳನ್ನು ಅಕ್ಕಪಕ್ಕದಲ್ಲಿಟ್ಟು ತೋರಿಸುವುದೇ ಈ ಸಂಗ್ರಹದ ಸೊಗಸು.

ಆರಂಭ ಚೀನಾದಲ್ಲಲ್ಲ

ವರ್ಷದ ಪ್ರಾಣಿಗೆ ಅಂಚೆಚೀಟಿಯ ಗೌರವ ನೀಡುವುದರಲ್ಲಿ ಚೀನಾ ಮೊದಲನೆಯದಲ್ಲ. ಜಪಾನ್ 1950ರಲ್ಲೇ ಹುಲಿಯ ಚೀಟಿಯನ್ನು ಹೊರತಂದಿತ್ತು. 18ನೇ ಶತಮಾನದ ಕಲಾವಿದ ಮಾರುಯಾಮ ಓಕ್ಯೊ ರಚಿಸಿದ ಚಿತ್ರ ಅದಕ್ಕೆ ಆಧಾರ. ಅಲ್ಲಿನ ಹೊಸ ವರ್ಷದ ಶುಭಾಶಯ ಕಾರ್ಡುಗಳ ಲಾಟರಿಯಲ್ಲಿ ಪ್ರಾಣಿಚಿತ್ರದ ಪುಟ್ಟ ಸ್ಟ್ಯಾಂಪ್ ಹಾಳೆಯನ್ನು ಬಹುಮಾನವಾಗಿ ನೀಡುವ ಪದ್ಧತಿಯೂ ಬೆಳೆಯಿತು. ಹಾಂಗ್‌ಕಾಂಗ್ 1967ರ ಟಗರಿನಿಂದ ತೊಡಗಿ 1978ರ ಕುದುರೆಯವರೆಗೆ ಹನ್ನೆರಡು ವರ್ಷಗಳ ಸರಣಿಯನ್ನು ಮುಗಿಸಿತು. ಮಕಾವ್ 1984ರಲ್ಲಿ ಇಲಿಯೊಂದಿಗೆ ಪ್ರಾರಂಭಿಸಿತು.

ಚೀನಾ ತಡವಾಗಿ ಬಂದುದಕ್ಕೆ ಕಾರಣವಿತ್ತು. 1966ರಲ್ಲಿ ಆರಂಭವಾದ ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಅಂಚೆಚೀಟಿ ಸಂಗ್ರಹವೇ ಖಂಡನೆಗೆ ಗುರಿಯಾಗಿತ್ತು. ಆ ಬಿಗಿ ಸಡಿಲಗೊಂಡ ಬಳಿಕ ಬಂದದ್ದು ಕೋತಿಯ ಚೀಟಿ. ಚಕ್ರದ ಮೊದಲ ಪ್ರಾಣಿ ಇಲಿಯಾದರೂ 1980 ಕೋತಿಯ ವರ್ಷವಾಗಿದ್ದುದರಿಂದ ಚೀನಾದ ಸರಣಿಗಳೆಲ್ಲ ಕೋತಿಯಿಂದ ಆರಂಭವಾಗಿ ಕುರಿಯಲ್ಲಿ ಮುಗಿಯುತ್ತವೆ. ಮೊದಲ ಮೂರು ಸರಣಿಗಳು 1991, 2003 ಮತ್ತು 2015ರಲ್ಲಿ ಪೂರ್ಣಗೊಂಡವು. 2016ರಲ್ಲಿ ಆರಂಭವಾದ ನಾಲ್ಕನೆಯದು 2027ರ ಕುರಿಯವರೆಗಿನದು.

ಕಲಾವಿದನ ಕೋತಿ

ಚಿತ್ರ ಬರೆದವರು ಹುವಾಂಗ್ ಯೊಂಗ್ಯು. ತಾವು ಸಾಕಿದ್ದ ಕೋತಿಯ ನೆನಪಿನಲ್ಲಿ ಅವರು ಇದನ್ನು ರಚಿಸಿದರೆಂದು ಹೇಳಲಾಗುತ್ತದೆ. ಚೀಟಿಯ ವಿನ್ಯಾಸ ಶಾವೊ ಬೋಲಿನ್ ಅವರದು. ಅಚ್ಚಿಗಾಗಿ ಕೆತ್ತಿದವರು ಜಿಯಾಂಗ್ ವೇಯ್ಜೀ. ಹುವಾಂಗ್ 2016ರ ಕೋತಿ ಚೀಟಿಗಳಿಗೂ ಚಿತ್ರ ಬರೆದರು. 2023ರಲ್ಲಿ ಅವರ ಕೆಂಪು ಕಣ್ಣಿನ ನೀಲಿ ಮೊಲ ಹೊರಬಂದಾಗ ‘ಇದು ಭಯ ಹುಟ್ಟಿಸುತ್ತದೆ’ ಎಂದು ಅನೇಕರು ಟೀಕಿಸಿದರು. ಆದರೂ ಚೀಟಿಗೆ ಬೇಡಿಕೆ ಕುಗ್ಗಲಿಲ್ಲ. ಅದೇ ವರ್ಷದ ಜೂನ್‌ನಲ್ಲಿ ಅವರು ನಿಧನರಾದರು.

ಪೆಸಿಫಿಕ್‌ನಾಚೆಗೆ

ಅಮೆರಿಕದ ಮೊದಲ ಚೀಟಿ 1992ರ ಡಿಸೆಂಬರ್ 30ರಂದು ಬಿಡುಗಡೆಯಾಯಿತು. ಹವಾಯಿಯ ಕ್ಲಾರೆನ್ಸ್ ಲೀ ಕಾಗದ ಕತ್ತರಿಸುವ ಕಲೆಯ ಮಾದರಿಯಲ್ಲಿ ಹುಂಜವನ್ನು ರೂಪಿಸಿದ್ದರು. ಚೀನೀ ಮೂಲದ ಅಮೆರಿಕನ್ನರು ಈ ಮನ್ನಣೆಗಾಗಿ ಒತ್ತಾಯಿಸಿದ್ದರು. ಕೆನಡಾ 1997ರಲ್ಲಿ ಎತ್ತಿನೊಂದಿಗೆ ಹೆಜ್ಜೆ ಹಾಕಿತು. ವಲಸೆ ಬಂದ ಸಮುದಾಯದ ಹಬ್ಬವನ್ನು ರಾಷ್ಟ್ರವೊಂದು ತನ್ನದೆಂದು ಒಪ್ಪಿಕೊಂಡುದರ ದಾಖಲೆಯಾಗಿಯೂ ಈ ಚೀಟಿಗಳನ್ನು ಓದಬಹುದು. ಭಾರತೀಯ ಅಂಚೆ ಇಲಾಖೆ 2010ರಲ್ಲಿ ಮೇಷದಿಂದ ಮೀನದವರೆಗಿನ ಹನ್ನೆರಡು ರಾಶಿಗಳ ಚೀಟಿಗಳನ್ನು ಪ್ರಕಟಿಸಿತು. ಎರಡು ಪರಂಪರೆಗಳ ಹೋಲಿಕೆಗೆ ಆಲ್ಬಂನಲ್ಲಿ ಅವಕ್ಕೂ ಒಂದು ಪುಟ ಸಲ್ಲುತ್ತದೆ.

ಬೆಲೆ ಮತ್ತು ಮೋಸ

ಕೋತಿಯ ಬೆಲೆ ಕಂಡು ಉಳಿದ ಪ್ರಾಣಿಗಳೂ ಹಣ ತರುತ್ತವೆಂದು ನಂಬಿದವರು ಕೈ ಸುಟ್ಟುಕೊಂಡಿದ್ದಾರೆ. ಕೋತಿ ಅಚ್ಚಾದದ್ದು ಕೆಲವೇ ದಶಲಕ್ಷ ಪ್ರತಿಗಳಲ್ಲಿ. ಸಂಗ್ರಾಹಕರು ಇನ್ನೂ ವಿರಳವಾಗಿದ್ದ ಕಾಲವಾದ್ದರಿಂದ ಬಹಳಷ್ಟು ಚೀಟಿಗಳು ಲಕೋಟೆಗೇರಿ ಹೋದವು. ಮುಂದೆ ಬೇಡಿಕೆ ನೋಡಿ ಮುದ್ರಣವನ್ನು ಅಪಾರವಾಗಿ ಹೆಚ್ಚಿಸಲಾಯಿತು. 1997ರಲ್ಲಿ ಚೀನಾದ ಅಂಚೆಚೀಟಿ ಮಾರುಕಟ್ಟೆ ಕುಸಿದು, ಆ ದಶಕದ ಎಷ್ಟೋ ಚೀಟಿಗಳು ಮುಖಬೆಲೆಗಿಂತಲೂ ಕಡಿಮೆಗೆ ಬಿಕರಿಯಾದವು.

ನಕಲಿಗಳ ಹಾವಳಿಯೂ ತೀವ್ರವಾಗಿದೆ. ಅಸಲಿ ಕೋತಿಯ ರೋಮಗಳು ಕೆತ್ತನೆಯ ಅಚ್ಚಿನಿಂದ ಮೂಡಿದವು. ಭೂತಗನ್ನಡಿಯಲ್ಲಿ ಗೆರೆಗಳು ಸ್ಪಷ್ಟವಾಗಿದ್ದು, ಶಾಯಿ ತುಸು ಉಬ್ಬಿರುತ್ತದೆ. ಅಗ್ಗದ ನಕಲಿಯಲ್ಲಿ ಆಫ್‌ಸೆಟ್ ಮುದ್ರಣದ ಚುಕ್ಕೆಗಳು ಗೋಚರಿಸುತ್ತವೆ. ದುಬಾರಿ ಚೀಟಿಯನ್ನು ಪರಿಣತರ ಪ್ರಮಾಣಪತ್ರವಿಲ್ಲದೆ ಕೊಳ್ಳದಿರುವುದೇ ಕ್ಷೇಮ.

ಹೊಸಬರಿಗೆ

ಒಂದು ದೇಶದ ಹನ್ನೆರಡು ವರ್ಷಗಳನ್ನು ಪೂರ್ಣಗೊಳಿಸುವುದು ಒಂದು ಮಾರ್ಗ. ಒಂದೇ ಪ್ರಾಣಿಯನ್ನು, ಉದಾಹರಣೆಗೆ ತಾವು ಹುಟ್ಟಿದ ವರ್ಷದ್ದನ್ನು, ಹಲವು ದೇಶಗಳಿಂದ ಕೂಡಿಸುವುದು ಮತ್ತೊಂದು. ಜನವರಿ ಅಥವಾ ಫೆಬ್ರುವರಿ ಮೊದಲ ದಿನಗಳಲ್ಲಿ ಜನಿಸಿದವರು ಆ ವರ್ಷದ ಚಾಂದ್ರಮಾನ ಹೊಸ ವರ್ಷ ಎಂದು ಬಿತ್ತೆಂಬುದನ್ನು ನೋಡಿಕೊಳ್ಳಬೇಕು. ಅದಕ್ಕೂ ಮುನ್ನ ಹುಟ್ಟಿದವರಿಗೆ ಹಿಂದಿನ ವರ್ಷದ ಪ್ರಾಣಿಯೇ ಸಲ್ಲುತ್ತದೆ. ಬಳಸಿದ ಚೀಟಿಗಳಿಂದ ಆರಂಭಿಸಿದರೆ ಖರ್ಚು ಅಲ್ಪ.

ಚೀಟಿಯನ್ನು ಬೆರಳಿನಿಂದ ಮುಟ್ಟದೆ ಚಿಮುಟದಿಂದ ಎತ್ತಬೇಕು. ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ಬಳಸದ ಚೀಟಿಗಳ ಗೋಂದು ತೇವ ಹೀರಿ ಪುಟಕ್ಕೆ ಅಂಟಿಕೊಳ್ಳುವುದರಿಂದ ಆಲ್ಬಂಗಳನ್ನು ಒತ್ತೊತ್ತಾಗಿ ಪೇರಿಸದೆ, ನೆಟ್ಟಗೆ ನಿಲ್ಲಿಸಿ ಒಣ ಜಾಗದಲ್ಲಿ ಇಡುವುದು ಒಳಿತು. ಬೆಲೆ ಏರಲಿ ಇಳಿಯಲಿ, ಹನ್ನೆರಡನೆಯ ಚೀಟಿ ಪುಟ ಸೇರಿದಾಗ ಒಂದು ಚಕ್ರ ಮುಗಿದಿರುತ್ತದೆ; ಮುಂದಿನ ವರ್ಷಾರಂಭಕ್ಕೆ ಇನ್ನೊಂದು ಕಾದಿರುತ್ತದೆ.